ಕಂಡೆನ್ಸರ್‌ಗೆ ಎಷ್ಟು ತಣ್ಣನೆಯ ನೀರು ಬೇಕು: ಸಾಲ್ವೆಂಟ್ ಕಾಲಂ ನಡೆಸುವವರಿಗೆ

ಬಳಸಿದ ಸಾಲ್ವೆಂಟನ್ನು (ದ್ರಾವಕ) ಕುದಿಸಿ ಶುದ್ಧ ಮಾಡುವ ರಿಕವರಿ ಕಾಲಂನ ವೆಂಟ್‌ನಿಂದ (ಅನಿಲ ಹೊರಹೋಗುವ ಕೊಳವೆ) ಸಾಲ್ವೆಂಟ್ ವಾಸನೆ ಬರತೊಡಗಿದರೆ ಶಿಫ್ಟ್‌ನಲ್ಲಿ ಸಾಮಾನ್ಯವಾಗಿ ಕೇಳುವ ಮಾತು ಒಂದೇ: "ಚಿಲ್ಡ್ ವಾಟರ್ ಬಿಡಿ, ಅದಕ್ಕೂ ಬಗ್ಗದಿದ್ದರೆ ಬ್ರೈನ್ ಹಾಕಿ." ಚಿಲ್ಡ್ ವಾಟರ್ ಎಂದರೆ ಚಿಲ್ಲರ್ ಯಂತ್ರ ತಣಿಸಿದ ನೀರು, ಬ್ರೈನ್ ಎಂದರೆ ಸೊನ್ನೆಗಿಂತ ಕೆಳಗೂ ಹೆಪ್ಪುಗಟ್ಟದ ಗ್ಲೈಕಾಲ್ ಅಥವಾ ಉಪ್ಪಿನ ದ್ರಾವಣ. ತಣ್ಣಗಾದಷ್ಟೂ ಒಳ್ಳೆಯದು ಎಂಬ ಈ ನಂಬಿಕೆ ಅಸಿಟೋನ್‌ಗೆ ಒಂದಿಷ್ಟು ಸರಿ. ಡಿಎಂಎಸ್‌ಒ (ಡೈಮೀಥೈಲ್ ಸಲ್ಫಾಕ್ಸೈಡ್, 18.5 ಡಿಗ್ರಿಯಲ್ಲೇ ಹೆಪ್ಪುಗಟ್ಟುವ ಸಾಲ್ವೆಂಟ್) ಕಾಲಂನಲ್ಲಿ ಇದೇ ಕೆಲಸ ಮಾಡಿದರೆ, ಆವಿಯನ್ನು ದ್ರವವಾಗಿಸುವ ಕಂಡೆನ್ಸರ್‌ನ ಟ್ಯೂಬ್‌ಗಳು ಒಳಗೇ ಹೆಪ್ಪುಗಟ್ಟಿ, ಆವಿಗೆ ಹೊರದಾರಿ ಇಲ್ಲದಂತಾಗುತ್ತದೆ. ಕೂಲಂಟ್‌ನ (ಕಂಡೆನ್ಸರ್ ತಣಿಸುವ ದ್ರವ) ಉಷ್ಣತೆಗೆ ಮೇಲೊಂದು ಮಿತಿ, ಕೆಳಗೊಂದು ಮಿತಿ ಇದೆ. ಎರಡನ್ನೂ ಲೆಕ್ಕ ಹಾಕಿಯೇ ತಿಳಿಯಬೇಕು. ಲೆಕ್ಕ ಕಷ್ಟದ್ದಲ್ಲ, ಒಂದು ಹಾಳೆಯಲ್ಲಿ ಮುಗಿಯುತ್ತದೆ. ಇಲ್ಲಿ ಬರೆದ ಡಿಗ್ರಿಗಳೆಲ್ಲ ಸೆಲ್ಸಿಯಸ್.

ಮೊದಲು ಬರೆದುಕೊಳ್ಳಬೇಕಾದ ಅಂಕಿಗಳು

ಕಾಲಂನ ಮೇಲ್ತುದಿಯಲ್ಲಿ ಆವಿ ಎಷ್ಟು ಡಿಗ್ರಿಯಲ್ಲಿ ಸಾಂದ್ರೀಕರಿಸುತ್ತದೆ ಎಂಬುದು ಮೊದಲನೆಯದು. ಪುಸ್ತಕದ ಕುದಿಬಿಂದುವನ್ನು ಹಾಗೇ ತೆಗೆದುಕೊಳ್ಳಬೇಡಿ. ಅದು ಸಮುದ್ರಮಟ್ಟದ 760 ಎಂಎಂ ಪಾದರಸದ ಒತ್ತಡಕ್ಕೆ ಕೊಟ್ಟ ಅಂಕಿ. ಮಂಗಳೂರಿಗೆ ಹೊಂದುತ್ತದೆ, ಪೀಣ್ಯಕ್ಕೋ ಜಿಗಣಿಗೋ ಹೊಂದುವುದಿಲ್ಲ. ಸುಮಾರು 920 ಮೀಟರ್ ಎತ್ತರದ ಬೆಂಗಳೂರಿನಲ್ಲಿ ವಾಯುಒತ್ತಡ 683 ಎಂಎಂ ಆಸುಪಾಸಿನಲ್ಲಿರುತ್ತದೆ. ಹಾಗಾಗಿ ವೆಂಟ್ ತೆರೆದಿರುವ ಕಾಲಂನಲ್ಲಿ ಅಸಿಟೋನ್ 56ಕ್ಕೆ ಬದಲು 53ರಲ್ಲಿ, ಮೆಥನಾಲ್ 64.7ಕ್ಕೆ ಬದಲು 62ರಲ್ಲಿ, ಡೈಕ್ಲೋರೋಮೀಥೇನ್ (ಪ್ಲಾಂಟ್‌ನಲ್ಲಿ ಎಲ್ಲರೂ ಹೇಳುವಂತೆ ಎಂಡಿಸಿ) 39.6ಕ್ಕೆ ಬದಲು 37ರಲ್ಲಿ ಕುದಿಯುತ್ತವೆ. ಮೂರು ಡಿಗ್ರಿ ಏನು ಮಹಾ ಎನಿಸಬಹುದು. ಅದರ ಬೆಲೆ ಎಷ್ಟೆಂದು ಮುಂದಿನ ಲೆಕ್ಕದಲ್ಲಿ ಗೊತ್ತಾಗುತ್ತದೆ.

ಎರಡನೆಯದು, ಆವಿಯಲ್ಲಿರುವ ಪ್ರತಿ ಘಟಕದ ಹೆಪ್ಪುಗಟ್ಟುವ ಬಿಂದು. ಮುಖ್ಯ ಸಾಲ್ವೆಂಟ್‌ನದು ಮಾತ್ರ ಬರೆದು ನಿಲ್ಲಿಸಬೇಡಿ. ಜೊತೆಗೆ ಬರುವ ನೀರಿನದನ್ನೂ ಬರೆಯಿರಿ. ಮೂರನೆಯದು, ಕಡಿಮೆ ಉಷ್ಣತೆಗಳಲ್ಲಿ ಸಾಲ್ವೆಂಟ್‌ನ ಆವಿ ಒತ್ತಡ. ನಾಲ್ಕನೆಯದು, ನಿಮ್ಮ ಕೂಲಂಟ್ ವರ್ಷದ ಅತಿ ಕೆಟ್ಟ ದಿನ ಎಷ್ಟು ಬಿಸಿ, ಅತಿ ಚಳಿಯ ರಾತ್ರಿ ಎಷ್ಟು ತಣ್ಣಗೆ ಎಂಬುದು. ಇದನ್ನು ಚಿಲ್ಲರ್ ಪ್ಯಾನೆಲ್‌ನಿಂದ ಓದಬೇಡಿ, ಕಂಡೆನ್ಸರ್‌ನ ಬಾಯಲ್ಲೇ ಅಳೆಯಿರಿ. ಉದ್ದದ ಪೈಪು, ಹರಿದ ಇನ್ಸುಲೇಶನ್ ಇದ್ದರೆ ಚಿಲ್ಲರ್‌ನಿಂದ 7 ಡಿಗ್ರಿಗೆ ಹೊರಟ ನೀರು ಮೂರನೇ ಮಹಡಿ ತಲುಪುವಾಗ 9 ಆಗಿರುವುದು ಮಾಮೂಲು.

ಮೇಲಿನ ಮಿತಿ: ಮುಖ್ಯ ಕಂಡೆನ್ಸರ್

ಅಸಿಟೋನ್ ಮತ್ತು ನೀರನ್ನು ಬೇರ್ಪಡಿಸುವ ಕಾಲಂ ತೆಗೆದುಕೊಳ್ಳೋಣ. ಗಂಟೆಗೆ 500 ಕೆಜಿ ಅಸಿಟೋನ್ ಹೊರಬರುತ್ತದೆ, ರಿಫ್ಲಕ್ಸ್ ಅನುಪಾತ 2 (ಹೊರತೆಗೆದ ಪ್ರತಿ ಕೆಜಿಗೆ 2 ಕೆಜಿ ದ್ರವ ಕಾಲಂಗೆ ಮರಳುತ್ತದೆ). ಅಂದರೆ ಕಂಡೆನ್ಸರ್ ಸೇರುವ ಆವಿ 1,500 ಕೆಜಿ. ಅಸಿಟೋನ್‌ನ ಸುಪ್ತೋಷ್ಣ ಕೆಜಿಗೆ ಸುಮಾರು 500 ಕಿಲೋಜೂಲ್. ಗಂಟೆಗೆ 7,50,000 ಕಿಲೋಜೂಲ್, ಅಂದರೆ 208 ಕಿಲೋವ್ಯಾಟ್ ಶಾಖ ತೆಗೆಯಬೇಕು. ಟಿಆರ್ (ಟನ್ ಆಫ್ ರೆಫ್ರಿಜರೇಶನ್, ಸುಮಾರು 3.5 ಕಿಲೋವ್ಯಾಟ್) ಲೆಕ್ಕದಲ್ಲಿ 59.

ಕೂಲಿಂಗ್ ಟವರ್ ನೀರು (ಗಾಳಿಗೆ ಒಡ್ಡಿ ತಣಿಸಿದ ನೀರು) 32ಕ್ಕೆ ಒಳಬಂದು 38ಕ್ಕೆ ಹೊರಹೋಗಲಿ. 6 ಡಿಗ್ರಿ ಏರಿಕೆಗೆ ಗಂಟೆಗೆ 30 ಘನ ಮೀಟರ್ ನೀರು ಬೇಕು. ಆವಿ 56ರಲ್ಲಿದ್ದರೆ ಒಂದು ತುದಿಯಲ್ಲಿ ವ್ಯತ್ಯಾಸ 24, ಇನ್ನೊಂದು ತುದಿಯಲ್ಲಿ 18, ಲಾಗ್ ಸರಾಸರಿ (ಎರಡೂ ವ್ಯತ್ಯಾಸಗಳ ಲಾಗರಿದಂ ಆಧಾರದ ಸರಾಸರಿ) 20.9 ಡಿಗ್ರಿ. ಶಾಖ ವರ್ಗಾವಣೆ ಗುಣಾಂಕವನ್ನು ಚದರ ಮೀಟರ್‌ಗೆ, ಡಿಗ್ರಿಗೆ 500 ವ್ಯಾಟ್ ಎಂದು ಹಿಡಿದರೆ (ಸಾವಯವ ಆವಿ, ಸ್ವಲ್ಪ ಕೊಳೆ ಹಿಡಿದ ಶೆಲ್ ಅಂಡ್ ಟ್ಯೂಬ್‌ಗೆ ಇದು ಹದವಾದ ಅಂಕಿ) 20 ಚದರ ಮೀಟರ್ ಸಾಕು.

ಈಗ ನೀರು 35ಕ್ಕೆ ಏರಿತು ಅಂದುಕೊಳ್ಳಿ. ವ್ಯತ್ಯಾಸಗಳು 21 ಮತ್ತು 15 ಆಗಿ ಸರಾಸರಿ 17.8ಕ್ಕೆ ಇಳಿಯುತ್ತದೆ. ಅದೇ 20 ಚದರ ಮೀಟರ್ ಈಗ ಶೇ 85ರಷ್ಟೇ ಕೆಲಸ ಮಾಡುತ್ತದೆ. ಉಳಿದ ಶೇ 15 ಆವಿ ವೆಂಟ್ ಕಡೆ ನುಗ್ಗುತ್ತದೆ. ನೀರು 32ರಲ್ಲೇ ಇದ್ದು ಕಾಲಂ ಬೆಂಗಳೂರಿನಲ್ಲಿದ್ದರೂ ಫಲ ಇದೇ, ಏಕೆಂದರೆ ಆವಿ 53ಕ್ಕೆ ಇಳಿದಿದೆ. ಕರಾವಳಿಯ ಪ್ಲಾಂಟ್‌ನ ಡ್ರಾಯಿಂಗ್ ತಂದು ಇಲ್ಲಿ ಕೂರಿಸಿದಾಗ "ಕಂಡೆನ್ಸರ್ ಸಾಲುತ್ತಿಲ್ಲ" ಎನಿಸಲು ಕಾರಣ ಇಷ್ಟೇ.

ಕೂಲಿಂಗ್ ಟವರ್ ನೀರು ಎಷ್ಟಕ್ಕೆ ಇಳಿಯಬಲ್ಲದು ಎಂಬುದನ್ನು ಗಾಳಿಯ ವೆಟ್ ಬಲ್ಬ್ ಉಷ್ಣತೆ (ಒದ್ದೆ ಬಟ್ಟೆ ಸುತ್ತಿದ ಥರ್ಮಾಮೀಟರ್ ತೋರಿಸುವ ಉಷ್ಣತೆ) ನಿರ್ಧರಿಸುತ್ತದೆ. ವೆಟ್ ಬಲ್ಬ್ 28 ಇದ್ದಾಗ ಒಳ್ಳೆಯ ಟವರ್ 32ರ ನೀರು ಕೊಡುತ್ತದೆ. ಟವರ್ ಎಷ್ಟೇ ದೊಡ್ಡದಿರಲಿ, 28ಕ್ಕಿಂತ ಕೆಳಗೆ ಹೋಗಲಾರದು. ಆದ್ದರಿಂದ ಮೇ ತಿಂಗಳ ರಾಯಚೂರಿನ ಒಣ ಬಿಸಿಲಿಗಿಂತ ಮಳೆಗೆ ಮುಂಚಿನ ಕರಾವಳಿಯ ಸೆಕೆಯೇ ಟವರ್‌ಗೆ ಕಷ್ಟ. ಮರಳಿ ಹೋಗುವ ನೀರನ್ನು 45ರ ಒಳಗೇ ಇಡಿ. ಕ್ಯಾಲ್ಸಿಯಂ ಕಾರ್ಬೊನೇಟ್ ಬಿಸಿಯಾದಷ್ಟೂ ಕಡಿಮೆ ಕರಗುತ್ತದೆ, ಹಾಗಾಗಿ ಬೋರ್‌ವೆಲ್‌ನ ಗಡಸು ನೀರಿನಲ್ಲಿ ಟ್ಯೂಬ್‌ಗೆ ಬಿಳಿ ಪದರ ಕಟ್ಟುವುದು ಬಿಸಿ ತುದಿಯಿಂದಲೇ.

ಒಂದು ನಿಯಮ ಇಟ್ಟುಕೊಳ್ಳಬಹುದು: ಮುಖ್ಯ ಕಂಡೆನ್ಸರ್‌ನಿಂದ ಹೊರಬರುವ ಕೂಲಂಟ್‌ಗೂ ಸಾಂದ್ರೀಕರಣದ ಉಷ್ಣತೆಗೂ ನಡುವೆ ಕನಿಷ್ಠ 10 ಡಿಗ್ರಿ ಇರಲಿ. ಈ ಅಳತೆಗೆ ಅಸಿಟೋನ್, ಮೆಥನಾಲ್, ಈಥೈಲ್ ಅಸಿಟೇಟ್, ಐಪಿಎ (ಐಸೊಪ್ರೊಪೈಲ್ ಆಲ್ಕೋಹಾಲ್), ಟೊಲ್ವೀನ್ ಎಲ್ಲವೂ ಟವರ್ ನೀರಿನಲ್ಲೇ ನಡೆಯುತ್ತವೆ. ಎಂಡಿಸಿ ನಡೆಯುವುದಿಲ್ಲ. 37ರ ಆವಿಗೆ 32ರ ನೀರು ಕೊಟ್ಟರೆ ಆವಿಯ ಬಹುಪಾಲು ಹಾಗೇ ಮುಂದೆ ಹೋಗುತ್ತದೆ. ಅಲ್ಲಿ 7 ಡಿಗ್ರಿಯ ಚಿಲ್ಡ್ ವಾಟರ್ ಬೇಕೇ ಬೇಕು. ಡಿಸ್ಟಿಲರಿಗಳ ಆಲ್ಡಿಹೈಡ್ ಕಾಲಂನದೂ ಇದೇ ಕಥೆ: ಅಸಿಟಾಲ್ಡಿಹೈಡ್‌ನ ಕುದಿಬಿಂದು ಸುಮಾರು 20, ಟವರ್ ನೀರು ಅದನ್ನು ಹಿಡಿಯಲಾರದು.

ನಿರ್ವಾತದಲ್ಲಿ ನಡೆಸುವಾಗ ಲೆಕ್ಕ ಪೂರ್ತಿ ಬದಲಾಗುತ್ತದೆ. ವಾಯುಒತ್ತಡದಲ್ಲಿ 110ರಲ್ಲಿ ಕುದಿಯುವ ಟೊಲ್ವೀನ್, 50 ಎಂಎಂ ನಿರ್ವಾತದಲ್ಲಿ 36ಕ್ಕೇ ಕುದಿಯುತ್ತದೆ. ರೀಬಾಯ್ಲರ್ (ಕಾಲಂನ ಬುಡದಲ್ಲಿ ದ್ರವ ಕುದಿಸುವ ಹೀಟರ್) ಉಷ್ಣತೆ ಕಡಿಮೆ ಮಾಡಲೆಂದು ನಿರ್ವಾತ ಹೆಚ್ಚಿಸಿದ ಮರುಗಳಿಗೆಯೇ ಟವರ್ ನೀರು ನಿರುಪಯೋಗಿ. ನಿರ್ವಾತ ಎಷ್ಟು ಬೇಕು ಎಂದು ತೀರ್ಮಾನಿಸುವಾಗಲೇ ಕೂಲಂಟ್ ಯಾವುದೆಂದೂ ತೀರ್ಮಾನಿಸಬೇಕು.

ವೆಂಟ್ ತುದಿಯ ಲೆಕ್ಕ

ಮುಖ್ಯ ಕಂಡೆನ್ಸರ್ ಎಷ್ಟೇ ದೊಡ್ಡದಿದ್ದರೂ ಸಾಲ್ವೆಂಟ್ ಪೂರ್ತಿ ದ್ರವವಾಗುವುದಿಲ್ಲ. ಕಾಲಂನೊಳಗೆ ನೈಟ್ರೋಜನ್ ಇದೆ, ಸೋರಿ ಬಂದ ಗಾಳಿ ಇದೆ. ಆ ಅನಿಲ ಹೊರಹೋಗುವಾಗ, ತಾನು ಹೊರಬೀಳುವ ಉಷ್ಣತೆಯಲ್ಲಿ ಹಿಡಿಯಬಹುದಾದಷ್ಟು ಸಾಲ್ವೆಂಟ್ ಆವಿಯನ್ನು ಹೊತ್ತುಕೊಂಡೇ ಹೋಗುತ್ತದೆ. ಸೂತ್ರ ಸರಳ: ಹೊರಹೋಗುವ ಸಾಲ್ವೆಂಟ್‌ನ ಮೋಲ್‌ಗಳು = ನೈಟ್ರೋಜನ್‌ನ ಮೋಲ್‌ಗಳು × ಆವಿ ಒತ್ತಡ ÷ (ಒಟ್ಟು ಒತ್ತಡ − ಆವಿ ಒತ್ತಡ). ಒಂದು ನಾರ್ಮಲ್ ಘನ ಮೀಟರ್ (0 ಡಿಗ್ರಿ, 760 ಎಂಎಂನಲ್ಲಿ ಅಳೆದದ್ದು) ನೈಟ್ರೋಜನ್ ಎಂದರೆ 44.6 ಮೋಲ್.

ಗಂಟೆಗೆ 5 ನಾರ್ಮಲ್ ಘನ ಮೀಟರ್ ನೈಟ್ರೋಜನ್ ಹೋಗುತ್ತಿರುವ, 760 ಎಂಎಂ ಒತ್ತಡದ ಅಸಿಟೋನ್ ಕಾಲಂಗೆ ಇದನ್ನು ಹಾಕಿ ನೋಡಿ:

35 ಡಿಗ್ರಿಯಲ್ಲಿ ಆವಿ ಒತ್ತಡ 350 ಎಂಎಂ, ನಷ್ಟ ಗಂಟೆಗೆ 11 ಕೆಜಿ.
10 ಡಿಗ್ರಿಯಲ್ಲಿ 116 ಎಂಎಂ, ನಷ್ಟ 2.3 ಕೆಜಿ.
5 ಡಿಗ್ರಿಯಲ್ಲಿ 91 ಎಂಎಂ, ನಷ್ಟ 1.8 ಕೆಜಿ.
ಮೈನಸ್ 5ರಲ್ಲಿ 53 ಎಂಎಂ, ನಷ್ಟ 1 ಕೆಜಿ.

35ರಿಂದ 10ಕ್ಕೆ ಇಳಿದಾಗ ದಿನಕ್ಕೆ 200 ಕೆಜಿಗೂ ಹೆಚ್ಚು ಅಸಿಟೋನ್ ಉಳಿಯುತ್ತದೆ. 10ರಿಂದ ಮೈನಸ್ 5ಕ್ಕೆ ಇಳಿದರೆ ಉಳಿಯುವುದು ದಿನಕ್ಕೆ 30 ಕೆಜಿ ಮಾತ್ರ. ಅದೇ ನೈಟ್ರೋಜನ್ ಅನ್ನು 5ರಿಂದ 1 ಘನ ಮೀಟರ್‌ಗೆ ಇಳಿಸಿದರೆ 10 ಡಿಗ್ರಿಯಲ್ಲೇ ನಷ್ಟ ಗಂಟೆಗೆ ಅರ್ಧ ಕೆಜಿಗಿಂತ ಕಡಿಮೆಯಾಗುತ್ತದೆ. ಅಂದರೆ ಬ್ರೈನ್ ಲೈನ್ ಎಳೆಯುವ ಮುನ್ನ ರೋಟಾಮೀಟರ್ (ಹರಿವು ತೋರಿಸುವ ಮಾಪಕ) ಹತ್ತಿರ ಹೋಗಿ ನೈಟ್ರೋಜನ್ ವಾಲ್ವ್ ಎಷ್ಟು ತೆರೆದಿದೆ ಎಂದು ನೋಡಿ. ಸೈಟ್ ಗ್ಲಾಸ್, ಲೆವೆಲ್ ಗೇಜ್ ಪರ್ಜ್‌ಗಳನ್ನು (ಅವಕ್ಕೆ ನೈಟ್ರೋಜನ್ ಊದುವ ಲೈನ್‌ಗಳು) ಹಾಗೇ ತೆರೆದಿಟ್ಟು ಮರೆತಿರುವುದು ಬಹಳ ಸಲ ಕಾಣುತ್ತದೆ.

ಈ ಅಂಕಿಗಳು ಇನ್ನೊಂದು ವಿಷಯವನ್ನೂ ಹೇಳುತ್ತವೆ. 208 ಕಿಲೋವ್ಯಾಟ್‌ನ ಪೂರ್ತಿ ಹೊರೆಯನ್ನು ಚಿಲ್ಲರ್ ಮೇಲೆ ಹಾಕಬೇಕಿಲ್ಲ. ಟವರ್ ನೀರಿನ ಮುಖ್ಯ ಕಂಡೆನ್ಸರ್ ದಾಟಿ ಬಂದ 11 ಕೆಜಿಯನ್ನು 2.3ಕ್ಕೆ ಇಳಿಸಲು ಬೇಕಾದದ್ದು ಒಂದೂವರೆ ಕಿಲೋವ್ಯಾಟ್, ಅರ್ಧ ಟಿಆರ್‌ಗೂ ಕಡಿಮೆ. ಬಿಸಿ ಕೂಲಂಟ್ ಮುಖ್ಯ ಕಂಡೆನ್ಸರ್‌ಗೆ, ತಣ್ಣನೆಯದು ಚಿಕ್ಕ ವೆಂಟ್ ಕಂಡೆನ್ಸರ್‌ಗೆ: ಸಾಮಾನ್ಯ ಸಾಲ್ವೆಂಟ್‌ಗಳಿಗೆ ಇದಕ್ಕಿಂತ ಒಳ್ಳೆಯ ಜೋಡಣೆ ಇಲ್ಲ. ವೆಂಟ್ ಕಂಡೆನ್ಸರ್‌ನ ಗಾತ್ರವನ್ನು ಮಾತ್ರ ಈ ಅರ್ಧ ಟಿಆರ್ ನೋಡಿ ಇಡಬೇಡಿ. ಸ್ಟಾರ್ಟಪ್‌ನಲ್ಲಿ ಕಾಲಂ ತುಂಬ ಇರುವ ನೈಟ್ರೋಜನ್ ಒಮ್ಮೆಲೇ ಹೊರನುಗ್ಗುವಾಗಿನ ಹೊರೆ ನೋಡಿ ಇಡಿ.

ಎಂಡಿಸಿಗೆ ಈ ಜೋಡಣೆಯನ್ನು ಒಂದು ಮೆಟ್ಟಿಲು ಕೆಳಗಿಳಿಸಿ: ಮುಖ್ಯ ಕಂಡೆನ್ಸರ್‌ಗೆ 7ರ ಚಿಲ್ಡ್ ವಾಟರ್, ವೆಂಟ್‌ಗೆ ಬ್ರೈನ್. 1 ಘನ ಮೀಟರ್ ನೈಟ್ರೋಜನ್‌ಗೆ ಅದರ ನಷ್ಟ 10 ಡಿಗ್ರಿಯಲ್ಲಿ 1.65 ಕೆಜಿ, ಮೈನಸ್ 15ರಲ್ಲಿ 0.36 ಕೆಜಿ. ಇಲ್ಲಿ ಬ್ರೈನ್ ತನ್ನ ಖರ್ಚನ್ನು ದುಡಿಯುತ್ತದೆ. ಆದರೆ ಎಂಡಿಸಿ ಜೊತೆ ನೀರೂ ಬರುತ್ತದೆ, ಅದರ ಮಾತು ಮುಂದೆ.

ಕೆಳಗಿನ ಮಿತಿ: ಹೆಪ್ಪುಗಟ್ಟುವುದು

ಈ ಪಟ್ಟಿಯನ್ನು ಯುಟಿಲಿಟಿ ಮ್ಯಾನಿಫೋಲ್ಡ್ (ಕೂಲಂಟ್ ಲೈನ್‌ಗಳೆಲ್ಲ ಕೂಡುವ ಪೈಪು) ಪಕ್ಕದಲ್ಲೇ ಅಂಟಿಸಿಡಬೇಕು. ಶುದ್ಧ ರೂಪದಲ್ಲಿ ಹೆಪ್ಪುಗಟ್ಟುವ ಬಿಂದುಗಳು: ಫೀನಾಲ್ 41, ಟರ್ಷರಿ ಬ್ಯೂಟನಾಲ್ 25.5, ಡಿಎಂಎಸ್‌ಒ 18.5, ಅಸಿಟಿಕ್ ಆಸಿಡ್ 16.6, ಅಕ್ರಿಲಿಕ್ ಆಸಿಡ್ ಸುಮಾರು 13, ಡಯಾಕ್ಸೇನ್ 11.8, ಫಾರ್ಮಿಕ್ ಆಸಿಡ್ 8.4, ಸೈಕ್ಲೋಹೆಕ್ಸೇನ್ 6.5, ಬೆಂಜೀನ್ 5.5. ಇವುಗಳಲ್ಲಿ ಯಾವುದಕ್ಕೂ 7 ಡಿಗ್ರಿಯ ಚಿಲ್ಡ್ ವಾಟರ್ ಕೊಡುವಂತಿಲ್ಲ. ಸೈಕ್ಲೋಹೆಕ್ಸೇನ್, ಬೆಂಜೀನ್ ಪಾರಾಗುತ್ತವಲ್ಲ ಎನ್ನಬೇಡಿ; ಚಿಲ್ಲರ್‌ನ ಕಂಪ್ರೆಸರ್ ಆನ್-ಆಫ್ ಆಗುವಾಗ 7ರ ನೀರು 5ಕ್ಕೆ ಇಳಿದು ಮೇಲೇರುತ್ತಲೇ ಇರುತ್ತದೆ.

ಡಿಎಂಎಸ್‌ಒ ಉದಾಹರಣೆ ನೋಡೋಣ, ಏಕೆಂದರೆ ತಪ್ಪು ಹೇಗೆ ಅಡಗಿ ಕೂರುತ್ತದೆ ಎಂಬುದು ಇದರಲ್ಲಿ ಸ್ಪಷ್ಟ. ಆಳವಾದ ನಿರ್ವಾತದಲ್ಲಿ ಅದರ ಆವಿ ಸುಮಾರು 85ರಲ್ಲಿ ಬರುತ್ತದೆ ಎನ್ನಿ. ಟ್ಯೂಬ್‌ನ ಇನ್ನೊಂದು ಬದಿಯಲ್ಲಿ 7ರ ನೀರು. ಆವಿ ಬದಿಯ ಗುಣಾಂಕ 1,000, ನೀರಿನ ಬದಿಯದು 3,000 ಆದರೆ ಟ್ಯೂಬ್ ಗೋಡೆಯ ಉಷ್ಣತೆ 7 + 78 × ¼, ಅಂದರೆ 26.5. ಹೆಪ್ಪುಗಟ್ಟುವ ಬಿಂದುವಿಗಿಂತ 8 ಡಿಗ್ರಿ ಮೇಲೆ. ಕಾಗದದ ಮೇಲೆ ಸುರಕ್ಷಿತ. ಆದರೆ ಈ ಲೆಕ್ಕ ಆವಿ ಒಳಬರುವ ತುದಿಗೆ ಮಾತ್ರ ಸರಿ. ಕಂಡೆನ್ಸರ್‌ನ ಕೊನೆಯಲ್ಲಿ ಆವಿ ತೀರಿಹೋಗಿ, ಬರೀ ತಣಿದ ದ್ರವ ಮತ್ತು ಅನಿಲ ಉಳಿದಿರುತ್ತದೆ. ಅಲ್ಲಿ ಗೋಡೆಯನ್ನು ಬೆಚ್ಚಗಿಡುವುದು ಏನೂ ಇಲ್ಲ, ಅದು ಹತ್ತಿರ ಹತ್ತಿರ 7ಕ್ಕೇ ಇಳಿಯುತ್ತದೆ. ಸ್ಟೀಮ್ ಕಡಿಮೆ ಮಾಡಿದಾಗ, ಫೀಡ್ ನಿಂತಾಗ ಇಡೀ ಕಂಡೆನ್ಸರ್‌ನದೇ ಈ ಸ್ಥಿತಿ. ಹರಳು ಮೊದಲು ಕಟ್ಟುವುದು ಕೊನೆಯ ತುದಿಯಲ್ಲಿ, ಅಂದರೆ ವ್ಯಾಕ್ಯೂಮ್ ಲೈನ್ ಸೇರುವ ಜಾಗದಲ್ಲಿ. ಅಲ್ಲಿ ಕಟ್ಟಿದರೆ ಪಂಪಿನ ಗೇಜ್ ಒಳ್ಳೆಯ ನಿರ್ವಾತ ತೋರಿಸುತ್ತಲೇ ಇರುತ್ತದೆ, ಕಾಲಂನೊಳಗೆ ಒತ್ತಡ ಏರುತ್ತಿರುತ್ತದೆ.

ಆದ್ದರಿಂದ ಗೋಡೆಯ ಲೆಕ್ಕವನ್ನು ನಂಬಿ ಕೂಲಂಟ್ ಆರಿಸಬೇಡಿ. ಕೂಲಂಟ್‌ನ ಅತಿ ಕಡಿಮೆ ಉಷ್ಣತೆಯೇ ಹೆಪ್ಪುಗಟ್ಟುವ ಬಿಂದುವಿಗಿಂತ ಕನಿಷ್ಠ 5, ಸಾಧ್ಯವಾದರೆ 10 ಡಿಗ್ರಿ ಮೇಲಿರಲಿ. ಡಿಎಂಎಸ್‌ಒಗೆ 30, ಅಸಿಟಿಕ್ ಆಸಿಡ್‌ಗೆ 25ರಿಂದ 30, ಟರ್ಷರಿ ಬ್ಯೂಟನಾಲ್‌ಗೆ 35, ಫೀನಾಲ್‌ಗೆ 50ರಿಂದ 55. ಡಿಎಂಎಸ್‌ಒನ ಆವಿ ಒತ್ತಡ 30 ಡಿಗ್ರಿಯಲ್ಲಿ 1 ಎಂಎಂ ಆಸುಪಾಸು, ಹಾಗಾಗಿ ವೆಂಟ್ ನಷ್ಟದ ಚಿಂತೆಯೂ ಅಷ್ಟಿಲ್ಲ.

ಟವರ್ ನೀರೇ ಕೊಡುತ್ತಿದ್ದೇವೆ, ನಮಗೇನು ಭಯ ಎನ್ನುವವರು ಬೀದರ್‌ನ ಡಿಸೆಂಬರ್ ರಾತ್ರಿ ನೆನಪಿಡಿ. ಗಾಳಿ 10-12 ಡಿಗ್ರಿಗೆ ಇಳಿದು, ಫ್ಯಾನ್ ಪೂರ್ತಿ ತಿರುಗುತ್ತಿದ್ದರೆ ಬೇಸಿನ್ ನೀರು 18-20ಕ್ಕೆ ಇಳಿಯುತ್ತದೆ. ಬೇಸಿಗೆಯಲ್ಲಿ ಚೆನ್ನಾಗಿ ನಡೆದ ಟರ್ಷರಿ ಬ್ಯೂಟನಾಲ್ ಕಾಲಂ ಚಳಿಗಾಲದ ರಾತ್ರಿ ಪಾಳಿಯಲ್ಲಿ ಕಟ್ಟಿಕೊಳ್ಳುವುದು ಹೀಗೆ. ನೀರು ಬೆರೆತಿದ್ದರೆ ಹೆಪ್ಪುಗಟ್ಟುವ ಬಿಂದು ಕೆಳಗಿಳಿಯುತ್ತದೆ ನಿಜ, ಆದರೆ ಕಾಲಂನ ಕೆಲಸವೇ ಶುದ್ಧ ಮಾಡುವುದು. ಫೀಡ್‌ನ ಗುಣ ನೋಡಿ ಧೈರ್ಯ ತಂದುಕೊಳ್ಳಬೇಡಿ.

ಇನ್ನು ನೀರಿನ ಮಾತು. ಎಂಡಿಸಿ ಸುಮಾರು ಶೇ 1.5 ನೀರಿನೊಂದಿಗೆ 38ರಲ್ಲಿ ಅಜಿಯೋಟ್ರೋಪ್ (ಬೇರ್ಪಡದೆ ಒಟ್ಟಿಗೇ ಕುದಿಯುವ ಮಿಶ್ರಣ) ಆಗಿ ಮೇಲೇರುತ್ತದೆ. ಶುದ್ಧ ಎಂಡಿಸಿ ಮೈನಸ್ 95ರವರೆಗೂ ಹೆಪ್ಪುಗಟ್ಟದು ಎಂದು ಮೈನಸ್ 15ರ ಬ್ರೈನ್ ಕೊಟ್ಟರೆ ಹೆಪ್ಪುಗಟ್ಟುವುದು ಈ ನೀರು. ವೆಂಟ್ ಕಂಡೆನ್ಸರ್‌ನ ಸಣ್ಣ ಟ್ಯೂಬ್‌ಗಳಲ್ಲಿ ಐಸ್ ನಿಧಾನವಾಗಿ ಬೆಳೆದು ಎರಡು-ಮೂರು ದಿನದಲ್ಲಿ ದಾರಿ ಮುಚ್ಚಬಹುದು. ಟೊಲ್ವೀನ್-ನೀರು, ಈಥೈಲ್ ಅಸಿಟೇಟ್-ನೀರು ವ್ಯವಸ್ಥೆಗಳಿಗೂ ಇದೇ ಎಚ್ಚರಿಕೆ. ನೀರು ಇರುವಲ್ಲಿ ಮೊದಲ ವೆಂಟ್ ಕಂಡೆನ್ಸರ್ 5 ಡಿಗ್ರಿಯಲ್ಲಿರಲಿ, ನೀರಿನ ಹೆಚ್ಚಿನ ಪಾಲು ಅಲ್ಲೇ ಇಳಿಯಲಿ; ಬ್ರೈನ್ ಅದರ ನಂತರದ್ದಕ್ಕೆ. ಆ ಎರಡನೆಯದನ್ನೂ ಜೋಡಿಯಾಗಿ ಇಟ್ಟು, ಒಂದು ಓಡುವಾಗ ಇನ್ನೊಂದನ್ನು ಕರಗಿಸಿಕೊಳ್ಳಿ.

ಕಟ್ಟಿಕೊಂಡದ್ದನ್ನು ಬಿಡಿಸುವಾಗ ಅವಸರ ಬೇಡ. ಮೊದಲು ರೀಬಾಯ್ಲರ್ ಸ್ಟೀಮ್ ಮುಚ್ಚಿ. ಕೂಲಂಟ್ ಬದಿಗೆ 40-45 ಡಿಗ್ರಿಯ ನೀರು ಬಿಟ್ಟು, ತೆರೆದ ದಾರಿ ಇರುವ ತುದಿಯಿಂದ ನಿಧಾನವಾಗಿ ಕರಗಿಸಿ. ಎರಡು ಹೆಪ್ಪಿನ ನಡುವೆ ಸಿಕ್ಕಿದ ಭಾಗಕ್ಕೆ ನೇರ ಸ್ಟೀಮ್ ಹಿಡಿದರೆ ಒಳಗಿನ ದ್ರವ ಹಿಗ್ಗಿ ಟ್ಯೂಬನ್ನೇ ಸೀಳಬಲ್ಲದು. ಅಕ್ರಿಲಿಕ್ ಆಸಿಡ್ ಆದರೆ ಸ್ಟೀಮ್ ಎಂಬ ಮಾತೇ ಬೇಡ: ಹರಳಾಗುವಾಗ ಪಾಲಿಮರ್ ತಡೆಯುವ ಇನ್ಹಿಬಿಟರ್ ಹರಳಿನಿಂದ ಹೊರಗುಳಿಯುತ್ತದೆ, ಹಾಗಾಗಿ ಕರಗಿದ ದ್ರವಕ್ಕೆ ರಕ್ಷಣೆ ಇರುವುದಿಲ್ಲ. ಬಿಸಿ ತಗುಲಿದರೆ ಅದು ಹಿಡಿತ ತಪ್ಪಿ ಪಾಲಿಮರ್ ಆಗುತ್ತದೆ.

ಹೆಪ್ಪುಗಟ್ಟದಿದ್ದರೂ ಅತಿ ತಣ್ಣಗಿನ ತೊಂದರೆ

ರಿಫ್ಲಕ್ಸ್ ಅತಿಯಾಗಿ ತಣಿದರೆ ಕಾಲಂನ ಲೆಕ್ಕ ತಪ್ಪುತ್ತದೆ. 56ರ ಅಸಿಟೋನ್ 15ಕ್ಕೆ ತಣಿದು ಮರಳಿದರೆ ಅದನ್ನು ಮತ್ತೆ ಬಿಸಿ ಮಾಡಲು ಕೆಜಿಗೆ 90 ಕಿಲೋಜೂಲ್ ಬೇಕು. ಅಷ್ಟು ಶಾಖಕ್ಕೆ ಮೇಲಿನ ಟ್ರೇನಲ್ಲೇ ಒಂದಿಷ್ಟು ಆವಿ ಸಾಂದ್ರೀಕರಿಸಿ ಕೆಳಗೆ ಬೀಳುತ್ತದೆ. ಮೀಟರ್ ತೋರಿಸುವ ರಿಫ್ಲಕ್ಸ್‌ಗಿಂತ ಒಳಗಿನ ರಿಫ್ಲಕ್ಸ್ ಶೇ 18 ಹೆಚ್ಚಾಗುತ್ತದೆ. ಅಂಚಿನಲ್ಲಿ ಓಡುತ್ತಿರುವ ಕಾಲಂ ಫ್ಲಡ್ ಆಗಲು (ದ್ರವ ಕೆಳಗಿಳಿಯದೆ ತುಂಬಿಕೊಳ್ಳಲು) ಇಷ್ಟು ಸಾಕು, ಸ್ಟೀಮ್ ಖರ್ಚಂತೂ ಏರುತ್ತದೆ.

ಎರಡನೆಯದು ಇನ್ನೂ ಗಂಭೀರ. ಸ್ಟೀಮ್ ಕಡಿತವಾದ ಕ್ಷಣದಲ್ಲಿ ತಣ್ಣನೆಯ ಕಂಡೆನ್ಸರ್ ಕಾಲಂನ ಆವಿಯನ್ನೆಲ್ಲ ನುಂಗಿಬಿಡುತ್ತದೆ. ಒಳಗೆ ನಿರ್ವಾತ ಉಂಟಾಗಿ ವೆಂಟ್ ಮೂಲಕ ಗಾಳಿ ಒಳನುಗ್ಗುತ್ತದೆ. ಗಾಳಿಯಲ್ಲಿ ಶೇ 2.5ರಿಂದ 13ರವರೆಗೆ ಅಸಿಟೋನ್ ಇದ್ದರೆ ಅದು ಕಿಡಿ ಕಾಯುತ್ತಿರುವ ಮಿಶ್ರಣ. ವಾಯುಒತ್ತಡಕ್ಕೆಂದೇ ಮಾಡಿದ ತೆಳು ಗೋಡೆಯ ರಿಸೀವರ್ (ಹೊರಬಂದ ದ್ರವ ಸೇರುವ ಟ್ಯಾಂಕ್) ಆದರೆ ಒಳಕ್ಕೆ ಕುಸಿಯಲೂಬಹುದು. ಒತ್ತಡ ಇಳಿದಾಗ ಮಾತ್ರ ತೆರೆದುಕೊಳ್ಳುವ ನೈಟ್ರೋಜನ್ ರೆಗ್ಯುಲೇಟರ್ ಇದಕ್ಕೆ ಪರಿಹಾರ. ಸದಾ ಹರಿಯುವ ನೈಟ್ರೋಜನ್ ಇಟ್ಟರೆ ಮೇಲೆ ನೋಡಿದ ವೆಂಟ್ ನಷ್ಟ ಕಟ್ಟಿಟ್ಟದ್ದು.

ಮಂಜಿನ ಸಮಸ್ಯೆಯನ್ನೂ ಮರೆಯಬೇಡಿ. ಬಿಸಿ ಅನಿಲಕ್ಕೆ ಒಮ್ಮೆಲೇ ಅತಿ ತಣ್ಣನೆಯ ಗೋಡೆ ಎದುರಾದರೆ ಆವಿ ಗೋಡೆ ತಲುಪುವ ಮೊದಲೇ ಗಾಳಿಯಲ್ಲೇ ಸಣ್ಣ ಹನಿಗಳಾಗುತ್ತದೆ. ಆ ಹನಿಗಳು ಟ್ಯೂಬ್‌ಗೆ ಅಂಟದೆ ಅನಿಲದ ಜೊತೆ ಹೊರಹೋಗುತ್ತವೆ. ಬ್ರೈನ್ ಕೊಟ್ಟ ಮೇಲೂ ವಾಸನೆ ಹೆಚ್ಚಾಯಿತು ಎಂದರೆ ಇದನ್ನು ಅನುಮಾನಿಸಿ. ಹಂತ ಹಂತವಾಗಿ ತಣಿಸಿ, ಕೊನೆಯಲ್ಲಿ ಡಿಮಿಸ್ಟರ್ ಪ್ಯಾಡ್ (ಹನಿ ಹಿಡಿಯುವ ಜಾಲರಿ) ಹಾಕಿ.

ಕೂಲಂಟ್ ಯಾವುದು

ಉಷ್ಣತೆ ತೀರ್ಮಾನವಾದ ಮೇಲೆ ದ್ರವದ ಆಯ್ಕೆ. 5 ಡಿಗ್ರಿವರೆಗೆ ಬರೀ ನೀರು. ಅದರ ಕೆಳಗೆ ಗ್ಲೈಕಾಲ್. ತೂಕದಲ್ಲಿ ಶೇ 30 ಎಥಿಲೀನ್ ಗ್ಲೈಕಾಲ್ ಸುಮಾರು ಮೈನಸ್ 15ರಲ್ಲಿ, ಶೇ 40 ಸುಮಾರು ಮೈನಸ್ 24ರಲ್ಲಿ ಹೆಪ್ಪುಗಟ್ಟಲು ಶುರು. ಮೈನಸ್ 10ರ ಬ್ರೈನ್ ಬೇಕಿದ್ದರೆ ಚಿಲ್ಲರ್‌ನೊಳಗೆ ರೆಫ್ರಿಜರೆಂಟ್ ಮೈನಸ್ 15ರ ಹತ್ತಿರ ಇರುತ್ತದೆ, ಆದ್ದರಿಂದ ಶೇ 30 ಸಾಲದು, 40 ಇರಲಿ. ಅದಕ್ಕೂ ಹೆಚ್ಚು ಹಾಕಿದರೆ ದ್ರವ ದಪ್ಪವಾಗಿ ಹರಿವು ಕುಗ್ಗುತ್ತದೆ. ಗ್ಲೈಕಾಲ್ ಪ್ರಮಾಣವನ್ನು ವಾರಕ್ಕೊಮ್ಮೆ ರಿಫ್ರಾಕ್ಟೋಮೀಟರ್‌ನಲ್ಲಿ ಪರೀಕ್ಷಿಸಿ. ಒಂದೇ ಕಂಡೆನ್ಸರ್‌ಗೆ ಟವರ್ ನೀರು, ಚಿಲ್ಡ್ ವಾಟರ್, ಬ್ರೈನ್ ಮೂರೂ ಮ್ಯಾನಿಫೋಲ್ಡ್‌ನಿಂದ ಬರುವ ಪ್ಲಾಂಟ್‌ಗಳಲ್ಲಿ ಒಂದು ರಿಟರ್ನ್ ವಾಲ್ವ್ ತಪ್ಪಾಗಿ ತೆರೆದರೆ ಗ್ಲೈಕಾಲ್ ಟವರ್ ಸೇರುತ್ತದೆ, ಬ್ರೈನ್ ನೀರಾಗಿ ಚಿಲ್ಲರ್‌ನೊಳಗೇ ಐಸ್ ಕಟ್ಟುತ್ತದೆ. ಬದಲಿಸುವ ಮುನ್ನ ಹಳೆಯದನ್ನು ಅದರ ಟ್ಯಾಂಕ್‌ಗೇ ಊದಿ ಕಳಿಸಿ.

ಕ್ಯಾಲ್ಸಿಯಂ ಕ್ಲೋರೈಡ್ ಬ್ರೈನ್ ಅಗ್ಗ, ಆದರೆ 304, 316 ಸ್ಟೀಲ್‌ನಲ್ಲಿ ಸುಮಾರು 60 ಡಿಗ್ರಿ ಮೇಲೆ ಕ್ಲೋರೈಡ್ ಬಿರುಕು ತರುತ್ತದೆ. ಆವಿ ಬಿಸಿ ಇರುವಾಗ ಬ್ರೈನ್ ಹರಿವು ನಿಂತರೆ ಟ್ಯೂಬ್ ಆ ಬಿಸಿಗೆ ಏರಿಬಿಡುತ್ತದೆ.

ಸೋರಿಕೆಯಾದರೆ ಏನಾಗುತ್ತದೆ ಎಂದೂ ಕೇಳಿಕೊಳ್ಳಿ. ಕೂಲಂಟ್ 3-4 ಬಾರ್‌ನಲ್ಲಿ, ಕಾಲಂ ವಾಯುಒತ್ತಡದಲ್ಲಿ; ಟ್ಯೂಬ್ ತೂತಾದರೆ ಹರಿಯುವುದು ಒಳಮುಖವಾಗಿ. ಒಣ ಟಿಎಚ್‌ಎಫ್‌ಗೆ (ಟೆಟ್ರಾಹೈಡ್ರೋಫ್ಯೂರಾನ್) ನೀರು ಸೇರಿದರೆ ಬ್ಯಾಚ್ ಹಾಳು, ಅಷ್ಟೇ. ಥಯೋನಿಲ್ ಕ್ಲೋರೈಡ್‌ಗೆ ಸೇರಿದರೆ ಸಲ್ಫರ್ ಡೈಆಕ್ಸೈಡ್ ಮತ್ತು ಹೈಡ್ರೋಜನ್ ಕ್ಲೋರೈಡ್ ಭರದಿಂದ ಹೊಮ್ಮುತ್ತವೆ. ಇಂಥ ಕಡೆ ನೀರಿಲ್ಲದ ಥರ್ಮಿಕ್ ದ್ರವ ಬಳಸಿ. ಗಾಜಿನ ಕಾಯಿಲ್ ಕಂಡೆನ್ಸರ್ ಆದರೆ ಕೂಲಂಟ್ ಒತ್ತಡ ಮತ್ತು ಥರ್ಮಲ್ ಶಾಕ್ ಮಿತಿಯನ್ನು ತಯಾರಕರ ಹಾಳೆಯಲ್ಲಿ ನೋಡಿ, ಬಿಸಿ ಕಾಯಿಲ್‌ಗೆ ಬ್ರೈನ್ ಎಂದೂ ಬಿಡಬೇಡಿ.

ಉಷ್ಣತೆಯನ್ನು ಹಿಡಿದಿಡುವುದು

30 ಡಿಗ್ರಿ ಬೇಕು, ಇರುವುದು 20ರ ನೀರು. ಹಾಗಾದರೆ ವಾಲ್ವ್ ಸ್ವಲ್ಪ ಮುಚ್ಚೋಣ ಎನ್ನುವುದು ತಪ್ಪು ದಾರಿ. ಹರಿವು ಕಡಿಮೆಯಾದರೆ ಒಳಬರುವ ತುದಿ 20ರಲ್ಲೇ ಉಳಿದು ಅಲ್ಲಿ ಹೆಪ್ಪುಗಟ್ಟುವ ಅಪಾಯ ಹಾಗೇ ಇರುತ್ತದೆ, ಹೊರಹೋಗುವ ತುದಿ ಕಾದು ಸ್ಕೇಲ್ ಕಟ್ಟುತ್ತದೆ. ಟ್ಯೂಬ್‌ನೊಳಗೆ ನೀರಿನ ವೇಗ ಸೆಕೆಂಡಿಗೆ 1 ಮೀಟರ್‌ಗಿಂತ ಇಳಿಯಬಾರದು. ಸರಿಯಾದ ದಾರಿ ಟೆಂಪರ್ಡ್ ವಾಟರ್ ಲೂಪ್: ಒಂದು ಪಂಪ್ ಕಂಡೆನ್ಸರ್ ಸುತ್ತ ನೀರನ್ನು ಒಂದೇ ಹರಿವಿನಲ್ಲಿ ತಿರುಗಿಸುತ್ತದೆ, ಒಳಬರುವ ಉಷ್ಣತೆ 30 ದಾಟಿದಾಗ ಕಂಟ್ರೋಲ್ ವಾಲ್ವ್ ಅಷ್ಟೇ ತಣ್ಣೀರು ಬೆರೆಸುತ್ತದೆ, ಹೆಚ್ಚಾದದ್ದು ರಿಟರ್ನ್‌ಗೆ ಹೋಗುತ್ತದೆ. ಸ್ಟಾರ್ಟಪ್‌ಗೆ ಲೂಪ್ ಬಿಸಿ ಮಾಡಲು ಚಿಕ್ಕ ಸ್ಟೀಮ್ ಹೀಟರ್ ಸೇರಿಸಿ.

ಮಾಮೂಲು ಕಂಡೆನ್ಸರ್‌ನಲ್ಲಿ ಹರಿವು ಹೊಂದಿಸಲೇಬೇಕಾದರೆ ರಿಟರ್ನ್ ವಾಲ್ವ್‌ನಲ್ಲಿ ಹೊಂದಿಸಿ. ಕಂಡೆನ್ಸರ್ ಕಟ್ಟಡದ ತುದಿಯಲ್ಲಿರುತ್ತದೆ. ಒಳಬರುವ ವಾಲ್ವ್ ಹಿಂಡಿದರೆ ಮೇಲೆ ಒತ್ತಡ ಕುಸಿದು ಟ್ಯೂಬ್‌ಗಳು ಅರ್ಧ ಖಾಲಿಯಾಗುತ್ತವೆ. ನೀರಿನ ಬದಿಯ ಅತಿ ಎತ್ತರದ ಬಿಂದುವಿನಲ್ಲಿ ಏರ್ ವೆಂಟ್ ಇರಲಿ, ಪ್ರತಿ ಸ್ಟಾರ್ಟಪ್‌ನಲ್ಲಿ ಅದನ್ನು ತೆರೆದು ಗಾಳಿ ಬಿಡಿ.

ಚಿಲ್ಲರ್‌ನ ಸೆಟ್ ಪಾಯಿಂಟ್ ಸುಮ್ಮನೆ ಇಳಿಸಬೇಡಿ. ಒಂದೊಂದು ಡಿಗ್ರಿ ಇಳಿಸಿದಂತೆ ವಿದ್ಯುತ್ ಸುಮಾರು ಶೇ 3ರಷ್ಟು ಹೆಚ್ಚು ಬೇಕು.

ಕೂಲಂಟ್ ನಿಂತರೆ

ಎಷ್ಟು ಸರಿಯಾದ ಉಷ್ಣತೆ ಆರಿಸಿದರೂ ಪಂಪ್ ಟ್ರಿಪ್ ಆಗುವ ದಿನ ಬರುತ್ತದೆ. ರೀಬಾಯ್ಲರ್ ಆವಿ ಕಳಿಸುತ್ತಲೇ ಇರುತ್ತದೆ, ತೆಗೆದುಕೊಳ್ಳುವವರಿಲ್ಲ. ಆದ್ದರಿಂದ ಈ ಇಂಟರ್‌ಲಾಕ್‌ಗಳಿಲ್ಲದೆ (ತಾನಾಗಿ ಎಚ್ಚರಿಸಿ ಸ್ಟೀಮ್ ನಿಲ್ಲಿಸುವ ವ್ಯವಸ್ಥೆಗಳು) ಕಾಲಂ ಓಡಿಸಬಾರದು:

1. ಕೂಲಂಟ್ ಹರಿವು ಶೇ 75ಕ್ಕೆ ಇಳಿದರೆ ಅಲಾರಂ, ಶೇ 50ಕ್ಕೆ ಇಳಿದರೆ ಸ್ಟೀಮ್ ವಾಲ್ವ್ ಮುಚ್ಚಬೇಕು. ಪಂಪ್‌ನ ಪ್ರೆಶರ್ ಸ್ವಿಚ್ ಇದಕ್ಕೆ ಸಾಲದು. ವಾಲ್ವ್ ಮುಚ್ಚಿದ್ದರೂ ಪಂಪ್ ಒಳ್ಳೆಯ ಒತ್ತಡವನ್ನೇ ತೋರಿಸುತ್ತದೆ. ಹರಿವನ್ನೇ ಅಳೆಯಿರಿ.
2. ವೆಂಟ್ ಕಂಡೆನ್ಸರ್ ನಂತರದ ಅನಿಲದ ಉಷ್ಣತೆ ಮಾಮೂಲಿಗಿಂತ 5 ಹೆಚ್ಚಾದರೆ ಅಲಾರಂ, 10 ಹೆಚ್ಚಾದರೆ ಸ್ಟೀಮ್ ಬಂದ್. ಒಂದೇ ಥರ್ಮಾಮೀಟರ್‌ಗೆ ದುಡ್ಡಿದೆ ಎಂದರೆ ಅದನ್ನು ಇಲ್ಲೇ ಹಾಕಿ.
3. ಕಾಲಂ ಮೇಲ್ತುದಿಯ ಒತ್ತಡಕ್ಕೆ ಇವೆರಡರಿಂದ ಸ್ವತಂತ್ರವಾದ ಟ್ರಿಪ್.

ಹೆಪ್ಪುಗಟ್ಟುವ ಉತ್ಪನ್ನಗಳಿಗೆ ಕೂಲಂಟ್‌ನ ಕಡಿಮೆ ಉಷ್ಣತೆಗೂ ಅಲಾರಂ ಇಡಿ. ವಾಲ್ವ್ ನಡೆಸುವ ಒತ್ತಡದ ಗಾಳಿ ಅಥವಾ ಕರೆಂಟ್ ಹೋದಾಗ ಸ್ಟೀಮ್ ವಾಲ್ವ್ ತಾನೇ ಮುಚ್ಚಬೇಕು, ಕೂಲಂಟ್ ವಾಲ್ವ್ ತಾನೇ ತೆರೆಯಬೇಕು. ಸೇಫ್ಟಿ ವಾಲ್ವ್ ಅಥವಾ ರಪ್ಚರ್ ಡಿಸ್ಕ್ (ಒತ್ತಡ ಮೀರಿದರೆ ಒಡೆಯುವ ತಟ್ಟೆ) ಕಂಡೆನ್ಸರ್‌ಗೆ ಮೊದಲು, ಕಾಲಂ ಮೇಲೆಯೇ ಇರಲಿ. ಕಂಡೆನ್ಸರ್ ದಾಟಿದ ವೆಂಟ್ ಲೈನ್‌ನಲ್ಲಿ ಕೂರಿಸಿದರೆ ಕಂಡೆನ್ಸರ್ ಕಟ್ಟಿಕೊಂಡ ದಿನ ಅದು ಇದ್ದೂ ಇಲ್ಲದಂತೆ. ಅದರ ಗಾತ್ರವನ್ನು ಕೂಲಂಟ್ ಪೂರ್ತಿ ನಿಂತು, ಸ್ಟೀಮ್ ಪೂರ್ತಿ ತೆರೆದಿರುವ ಸ್ಥಿತಿಗೆ ಲೆಕ್ಕ ಹಾಕಿ.

ಸ್ಟೀಮ್ ಮುಚ್ಚಿದ ಮೇಲೂ ರೀಬಾಯ್ಲರ್‌ನ ಲೋಹದಲ್ಲಿ, ಬಿಸಿ ದ್ರವದಲ್ಲಿ ಉಳಿದ ಶಾಖ ಕೆಲವು ನಿಮಿಷ ಆವಿ ಎಬ್ಬಿಸುತ್ತದೆ. ಮೇಲಿನ ಅಸಿಟೋನ್ ಕಾಲಂಗೆ 10 ನಿಮಿಷ ಪೂರ್ತಿ ಹರಿವು ಎಂದರೆ 5 ಘನ ಮೀಟರ್ ನೀರು. ಕಂಡೆನ್ಸರ್‌ಗಿಂತ ಎತ್ತರದಲ್ಲಿ ಅಷ್ಟು ಹಿಡಿಯುವ ಟ್ಯಾಂಕ್ ಇದ್ದರೆ ಕರೆಂಟ್ ಇಲ್ಲದೆಯೂ ನೀರು ತಾನೇ ಇಳಿಯುತ್ತದೆ.

ಶುರು ಮಾಡುವಾಗ ಮೊದಲು ವೆಂಟ್ ಕಂಡೆನ್ಸರ್ ಕೂಲಂಟ್, ನಂತರ ಮುಖ್ಯ ಕಂಡೆನ್ಸರ್ ಕೂಲಂಟ್, ಎರಡರ ಹರಿವನ್ನೂ ಕಣ್ಣಾರೆ ನೋಡಿದ ಮೇಲೆ ಸ್ಟೀಮ್. ನಿಲ್ಲಿಸುವಾಗ ಸ್ಟೀಮ್ ಮೊದಲು. ಮೇಲ್ತುದಿ 40ಕ್ಕಿಂತ ತಣಿದು ಕನಿಷ್ಠ ಅರ್ಧ ಗಂಟೆ ಆದ ಮೇಲೆ ಕೂಲಂಟ್. ಹೆಪ್ಪುಗಟ್ಟುವ ಉತ್ಪನ್ನವಾದರೆ ಕಂಡೆನ್ಸರ್ ಖಾಲಿಯಾಗುವವರೆಗೆ ಲೂಪನ್ನು ಬೆಚ್ಚಗೇ ತಿರುಗಿಸುತ್ತಿರಿ. ಆರು ತಿಂಗಳಿಗೊಮ್ಮೆ ಕಾಲಂನಲ್ಲಿ ಬರೀ ನೀರು ಕುದಿಸುತ್ತಿರುವಾಗ ಕೂಲಂಟ್ ವಾಲ್ವನ್ನು ನಿಜವಾಗಿ ಮುಚ್ಚಿ, ಸ್ಟೀಮ್ ಎಷ್ಟು ಸೆಕೆಂಡಿನಲ್ಲಿ ನಿಂತಿತು ಎಂದು ಗಡಿಯಾರ ಹಿಡಿದು ಬರೆದಿಡಿ.